ಬೇಟೆಯ ನೆಪ, ದಯೆಯ ನಿಜ

ಕೊಲ್ಲುವವನು ತನ್ನ ಕೃತ್ಯಕ್ಕೊಂದು ಕಾರಣ ಹೇಳುವುದು ಲೋಕರೂಢಿ. ಆ ಕಾರಣವು ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ಪರೀಕ್ಷಿಸುವುದು ವಿವೇಕಿಗಳ ಕರ್ತವ್ಯ.

ಅಮೇರಿಕೆಯ ಬಿಳಿಬಾಲದ ಜಿಂಕೆಯನ್ನೇ ತೆಗೆದುಕೊಳ್ಳಿರಿ. ಮಿತಿಮೀರಿದ ಬೇಟೆಯಿಂದ 1900ರ ಸುಮಾರಿಗೆ ತೀರ ಕ್ಷೀಣಿಸಿದ್ದ ಅದರ ಸಂತತಿ, ಕಾಯಿದೆಗಳ ರಕ್ಷಣೆಯಿಂದ ಇಂದು ಎರಡು ಕೋಟಿಯನ್ನು ಮೀರಿದೆ. ತೋಳಗಳನ್ನು ಮನುಷ್ಯನೇ ಬಹುಪಾಲು ನಿರ್ಮೂಲಗೊಳಿಸಿದ್ದಾನೆ. ಹೊಲಗಳ ನಡುವಣ ಕಿರುಗಾಡುಗಳಲ್ಲಿ ಜಿಂಕೆಗಳು ಹೆಚ್ಚಿ ಪೈರನ್ನೂ ಎಳೆಯ ಸಸಿಗಳನ್ನೂ ಮೇಯುತ್ತವೆ. ಅಲ್ಲಿಯ ಬೇಟೆಗಾರನು ತೋಳದ ಕೆಲಸವನ್ನು ತಾನು ಮಾಡುತ್ತಿರುವೆನೆಂದರೆ ಆ ಮಾತಿನಲ್ಲಿ ಹುರುಳುಂಟು.

ನ್ಯೂಯಾರ್ಕ್ ಸಂಸ್ಥಾನದ ಅಡಿರಾಂಡ್ಯಾಕ್ ಅರಣ್ಯದ ಸ್ಥಿತಿಯಾದರೋ ಬೇರೆ. ಸುಮಾರು 60 ಲಕ್ಷ ಎಕರೆಗಳ ಆ ಪ್ರದೇಶದಲ್ಲಿ ಸರ್ಕಾರಕ್ಕೆ ಸೇರಿದ ಕಾಡನ್ನು ಎಂದೆಂದಿಗೂ ಕಡಿಯಲಾಗದೆಂದು 1894ರ ಸಂಸ್ಥಾನ ಸಂವಿಧಾನವೇ ವಿಧಿಸಿದೆ. ದಟ್ಟಡವಿಯ ನೆರಳಿನಲ್ಲಿ ಮೇವು ಕಡಿಮೆ, ಜಿಂಕೆಗಳೂ ವಿರಳ. ಕಠಿಣ ಚಳಿಗಾಲದಲ್ಲಿ ಮರಿಗಳು ಹಸಿವಿನಿಂದ ಸಾಯುತ್ತವೆ. ಸಂಖ್ಯೆಯನ್ನು ಬಹುಮಟ್ಟಿಗೆ ಹಿಮವೇ ಹದದಲ್ಲಿಡುತ್ತದೆ. ಆದುದರಿಂದ ಹಿಮದ ಮೇಲಿನ ಹೆಜ್ಜೆಯ ಜಾಡು ಹಿಡಿದು ದಿನವಿಡೀ ನಡೆಯುವ ಬೇಟೆಗಾರನು ಅಲ್ಲಿ ತೋಳದ ನೆಪ ಹೇಳುವಂತಿಲ್ಲ. ಮಾಂಸಕ್ಕಾಗಿ, ಅರಣ್ಯಸಂಚಾರದ ಆನಂದಕ್ಕಾಗಿ ಕೊಲ್ಲುತ್ತೇನೆಂದೇ ಅವನು ಒಪ್ಪಬೇಕು.

ಅವನ ಶ್ರಮವೂ ವನಪ್ರೀತಿಯೂ ನಿಜವೇ. ಕೊಂದ ಕೈಯನ್ನು ಕಾಣದೆ ಅಂಗಡಿಯ ಮಾಂಸವನ್ನು ಉಣ್ಣುವವನಿಗಿಂತ ಅವನು ಪ್ರಾಮಾಣಿಕನೆಂಬುದೂ ದಿಟ. ಆದರೆ ಶ್ರಮವು ಕೊಲೆಯನ್ನು ಅನಿವಾರ್ಯವಾಗಿಸಲಾರದು. ಜಾಡಿನ ಕೊನೆಯಲ್ಲಿ ಜಿಂಕೆಯನ್ನು ಕಣ್ತುಂಬ ಕಂಡು ಬರಿಗೈಯಲ್ಲಿ ಮರಳಿದರೆ ಆ ಸಂಚಾರದ ಆನಂದಕ್ಕೆ ಯಾವ ಕೊರತೆ?

ಅವನನ್ನು ದೂಷಿಸುವ ಮುನ್ನ ನಮ್ಮ ತಟ್ಟೆಯನ್ನೂ ನೋಡಿಕೊಳ್ಳೋಣ. ನಮ್ಮ ಅನ್ನ ಬೆಳೆದ ಹೊಲವೂ ಒಂದು ಕಾಲಕ್ಕೆ ಕಾಡೇ ಆಗಿತ್ತು. ಅಲ್ಲಿದ್ದ ಜೀವಗಳು ಎಲ್ಲಿಗೆ ಹೋದವು? ನೆಪಗಳು ಮುಗಿದಲ್ಲಿ ದಯೆಯು ಮೊದಲಾಗುತ್ತದೆ.