ನಾಯಿ ನಮ್ಮದು, ದಾರಿ ಎಲ್ಲರದು

ಬೈಂದೂರಿನಿಂದ ಬ್ರಹ್ಮಾವರದವರೆಗೆ ನಮ್ಮ ಊರುಗಳಲ್ಲಿ ಮನೆಗೂ ಮನೆಗೂ ನಡುವೆ ಒಂದು ತೋಟವೋ ಗದ್ದೆಯೋ ಹಾಡಿಯೋ ಇರುತ್ತದೆ. ಇಂಥ ಒಂಟಿ ಮನೆಗಳಲ್ಲಿ ನಾಯಿ ಶೋಕಿಗೆ ಸಾಕಿದ ಪ್ರಾಣಿಯಲ್ಲ. ರಾತ್ರಿ ಕಳ್ಳ ಬಂದರೂ, ತೋಟಕ್ಕೆ ಹಂದಿ ನುಗ್ಗಿದರೂ, ಅಂಗಳಕ್ಕೆ ಹಾವು ಬಂದರೂ ಮೊದಲು ಎಚ್ಚರಿಸುವುದು ಅದೇ. ಆದರೆ ನಮ್ಮ ಮನೆ ಕಾಯುವ ನಾಯಿ ಬೇರೆಯವರ ದಾರಿಗೆ ಅಡ್ಡ ನಿಂತರೆ ಅದಕ್ಕೆ ಉತ್ತರ ಹೇಳಬೇಕಾದವರು ನಾವು.

ಬೆಳಕು ಹರಿಯುವ ಮೊದಲೇ ಡೈರಿಗೆ ಹಾಲು ಒಯ್ಯುವವರು, ಪೇಪರ್ ಹಾಕುವ ಹುಡುಗರು, ಮೀನಿನ ಬುಟ್ಟಿ ಹೊತ್ತು ಮನೆ ಮನೆಗೆ ಬರುವ ಹೆಂಗಸರು, ಅಂಚೆಯವರು, ಆಶಾ ಕಾರ್ಯಕರ್ತೆಯರು, ಹಾಡಿಯ ದಾರಿಯಲ್ಲಿ ಶಾಲೆಗೆ ನಡೆಯುವ ಮಕ್ಕಳು: ಇವರಿಗೆಲ್ಲ ನಾಯಿಯ ಭಯ ದಿನವೂ ಇದ್ದದ್ದೇ. ಗೇಟಿನ ಹತ್ತಿರ ಹೆದರಿ ನಿಂತರೆ ಜಗಲಿಯಿಂದ “ಹೆದ್ರಬೇಡಿ, ಅದ್ ಎಂತ ಮಾಡ್ತಿಲ್ಲೆ” ಎಂಬ ಮಾತು ಬರುತ್ತದೆ. ಮನೆಯವರ ಮಟ್ಟಿಗೆ ಅದು ನಿಜವೇ. ಆದರೆ ನಾಯಿಗೆ ಮನೆಯವರು ಬೇರೆ, ಹೊರಗಿನವರು ಬೇರೆ. ಬಂದವರಿಗೆ ಬೇಕಾದದ್ದು ಧೈರ್ಯದ ಮಾತಿಗಿಂತ ಮೊದಲು, ಎದ್ದು ಬಂದು ನಾಯಿಯನ್ನು ಹಿಡಿದು ಕಟ್ಟುವ ಕೈ.

ನಾಯಿ ಮೈಮೇಲೆ ಬಂದಾಗ ಏನು ಮಾಡಬೇಕೆಂದು ಮನೆಯ ಮಕ್ಕಳಿಗೂ ಹೇಳಿಕೊಡಬೇಕು. ಓಡಬಾರದು, ಓಡುವವರನ್ನು ಅಟ್ಟುವುದು ನಾಯಿಯ ಸ್ವಭಾವ. ಕೂಗಬಾರದು, ಕಲ್ಲೆತ್ತಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಸ್ವಲ್ಪ ಓರೆಯಾಗಿ ನಿಂತು, ಕೈಗಳನ್ನು ಮೈಗೆ ಒತ್ತಿಕೊಂಡು, ಬೆನ್ನು ತೋರಿಸದೆ ನಿಧಾನವಾಗಿ ಹಿಂದೆ ಸರಿಯಬೇಕು. ಕೈಯಲ್ಲಿ ಕೊಡೆ, ಚೀಲ, ಏನಿದ್ದರೂ ನಾಯಿಗೂ ನಮಗೂ ನಡುವೆ ಅಡ್ಡ ಹಿಡಿಯಬೇಕು. ಬೈಕಿನಲ್ಲಿದ್ದರೆ ವೇಗ ಹೆಚ್ಚಿಸುವುದಕ್ಕಿಂತ ಕಡಿಮೆ ಮಾಡುವುದೇ ಕ್ಷೇಮ. ಕೆಳಗೆ ಬಿದ್ದರೆ ಮುದುಡಿ ಮಲಗಿ, ಎರಡೂ ಕೈಗಳಿಂದ ಕುತ್ತಿಗೆ ಮತ್ತು ಕಿವಿಗಳನ್ನು ಮುಚ್ಚಿಕೊಳ್ಳಬೇಕು. ಮರಿ ಹಾಕಿದ ನಾಯಿ, ತಿನ್ನುತ್ತಿರುವ ನಾಯಿ, ಕಟ್ಟಿಹಾಕಿದ ನಾಯಿ, ಈ ಮೂರರ ಹತ್ತಿರ ಹೋಗಲೇಬಾರದು.

ಕಚ್ಚಿದರೆ, ಹಲ್ಲು ತಾಗಿ ಗೀರಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಅರಸಿನ, ಸುಣ್ಣ, ಮೆಣಸಿನ ಪುಡಿ ಮುಟ್ಟಿಸಬಾರದು. ನಾಟಿ ಮದ್ದೆಂದು ದಿನ ಕಳೆಯಬಾರದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ಇಲ್ಲವೆಂಬಷ್ಟು ಅಪರೂಪ. ಅದಕ್ಕೂ ಮೊದಲು ಸರಿಯಾದ ಚಿಕಿತ್ಸೆ ಸಿಕ್ಕರೆ ಜೀವ ಉಳಿಯುತ್ತದೆ. ಅದೇ ದಿನ ಮೊದಲ ಚುಚ್ಚುಮದ್ದು, ಅಲ್ಲಿಂದ ಎಣಿಸಿ 3, 7 ಮತ್ತು 28ನೇ ದಿನ ಉಳಿದವು: ಚರ್ಮದೊಳಗೆ ಕೊಡುವ ಲಸಿಕೆಯ ಕ್ರಮ ಇದು. ಗಾಯದಿಂದ ರಕ್ತ ಬಂದಿದ್ದರೆ ಗಾಯಕ್ಕೇ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಲಸಿಕೆ ಉಚಿತ. ಕಚ್ಚಿದ ನಾಯಿಯ ಮೇಲೆ ಹತ್ತು ದಿನ ಕಣ್ಣಿಡುವುದು ಸರಿ, ಆದರೆ ಹತ್ತು ದಿನ ಕಾದು ಲಸಿಕೆ ಹಾಕಿಸಿಕೊಳ್ಳುವುದು ಸರಿಯಲ್ಲ.

ಇಷ್ಟೆಲ್ಲ ದಾರಿಹೋಕರು ಕಲಿತರೂ ಸಾಕಿದವರ ಜವಾಬ್ದಾರಿ ಕಡಿಮೆಯಾಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಆರು ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕಾನೂನಿಗಿಂತ ಮೊದಲು ನೆರೆಹೊರೆಯ ಮರ್ಯಾದೆ ಇದೆ. ಹಗಲಿಡೀ ಕಟ್ಟಿಹಾಕಿದ ನಾಯಿ ಸಿಡುಕಿನದಾಗುತ್ತದೆ. ಅದಕ್ಕೆ ಗೂಡು, ನೀರು, ದಿನಕ್ಕೊಮ್ಮೆ ಬೆಲ್ಟ್ ಹಾಕಿ ತಿರುಗಾಟ ಬೇಕು. ರಾತ್ರಿ ಬಿಟ್ಟು ಬಿಡುವುದೂ ಕ್ಷೇಮವಲ್ಲ. ತೆಕ್ಕಟ್ಟೆ ಸಮೀಪದ ಮಾಲಾಡಿ ತೋಪಿನಲ್ಲಿ ಚಿರತೆಗಳು ಬೋನಿಗೆ ಬಿದ್ದದ್ದು ನಮಗೆ ಗೊತ್ತಿದೆ. ಹೊರಗೆ ಬಿಟ್ಟ ನಾಯಿ ಚಿರತೆಯನ್ನು ಮನೆ ಬಾಗಿಲಿಗೇ ಎಳೆದು ತರುತ್ತದೆ. ಹೆಣ್ಣು ಮರಿಗಳನ್ನು ಗೋಣಿಯಲ್ಲಿ ತುಂಬಿ ಮೀನು ಮಾರ್ಕೆಟ್ಟಿನ ಹಿಂದೆಯೋ ಹೆದ್ದಾರಿಯ ಬದಿಯಲ್ಲೋ ಬಿಟ್ಟು ಬರುವುದಂತೂ ದೊಡ್ಡ ಪಾಪ. ಆ ಮರಿಗಳೇ ನಾಳೆ ಬೀದಿನಾಯಿಗಳು. ಮರಿ ಬೇಡವಾದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು.

ಕೊಂಕಣ ರೈಲಿನಲ್ಲಿ ಕೆಲವೇ ಗಂಟೆಗಳ ದೂರದ ಗೋವಾ, ವರ್ಷ ವರ್ಷವೂ ನಾಯಿಗಳಿಗೆ ಲಸಿಕೆ ಹಾಕಿಸಿ 2021ರಲ್ಲಿ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಿಕೊಂಡಿತು. ಅವರಿಗೆ ಆದದ್ದು ನಮಗೂ ಆಗುತ್ತದೆ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ವರ್ಷಕ್ಕೊಂದು. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಪಶು ಆಸ್ಪತ್ರೆಯವರು ಪಂಚಾಯತ್‌ಗಳಲ್ಲಿ ಶಿಬಿರ ನಡೆಸುತ್ತಾರೆ. ನಿಮ್ಮ ಅಂಗಳದಲ್ಲಿ ಊಟ ಮಾಡುವ ಪ್ರತಿ ನಾಯಿಯನ್ನೂ ಅಲ್ಲಿಗೆ ಕರೆದೊಯ್ಯಿರಿ. ಬೆಲ್ಟ್ ಹಾಕಿ, ಗೇಟು ಮುಚ್ಚಿ. ಅನ್ನ ಹಾಕಿದವರೇ ಆ ನಾಯಿಯ ಯಜಮಾನರು. ಅದರ ಹಲ್ಲಿಗೂ ಅವರೇ ಹೊಣೆ.