ಎರಡೇಟು ಹಾಕಿದ್ರೂ ಪರವಾಗಿಲ್ಲ ಸಾರ್

ಏಪ್ರಿಲ್ ಮೊದಲ ವಾರ. ನಮ್ಮೂರ ಕ್ರೀಡಾಂಗಣದಲ್ಲಿ ಅಥ್ಲೆಟಿಕ್ಸ್ ಬೇಸಿಗೆ ಶಿಬಿರದ ಮೊದಲ ದಿನ. ಕೋಚ್ ಮಕ್ಕಳನ್ನು ಎರಡು ರೌಂಡ್ ಓಡೋಕೆ ಕಳಿಸಿ, ಅಪ್ಪ ಅಮ್ಮಂದಿರನ್ನೆಲ್ಲ ಮೆಟ್ಟಿಲ ಹತ್ತಿರ ಕರೆದರು. "ನೋಡಿ, ನಾನು ಸ್ವಲ್ಪ ಸ್ಟ್ರಿಕ್ಟು. ಬೈತೀನಿ. ತಪ್ಪು ಮಾಡಿದ್ರೆ ಎಲ್ಲರ ಮುಂದೆ ನಿಲ್ಲಿಸ್ತೀನಿ. ಆಮೇಲೆ ಮಗು ಮನೇಲಿ ಅಳ್ತು ಅಂತ ಯಾರೂ ಬಂದು ಕೇಳಬಾರದು. ಒಪ್ಪಿಗೆ ಇದ್ರೆ ಫೀಸ್ ಕಟ್ಟಿ."

ಎಲ್ಲರೂ ತಲೆಯಾಡಿಸಿದೆವು. ಆಟೋ ಓಡಿಸುವವರೊಬ್ಬರು "ಎರಡೇಟು ಹಾಕಿದ್ರೂ ಪರವಾಗಿಲ್ಲ ಸಾರ್, ನಿಮ್ಮ ಮಗನೇ ಅಂದ್ಕೊಳ್ಳಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಫೀಸೂ ಕಟ್ಟಿದೆ. ರಾತ್ರಿ ನಿದ್ದೆ ಬರಲಿಲ್ಲ. ನಾವು ಅಲ್ಲಿ ಕೊಟ್ಟು ಬಂದದ್ದೇನು? ಕೊಡೋಕೆ ಅದು ನಮ್ಮದಾಗಿತ್ತಾ? ನಾವು ಒಪ್ಪಿಗೆ ಕೊಡುವಾಗ ಮಗ ಮೈದಾನದ ಆ ತುದಿಯಲ್ಲಿ ಓಡ್ತಿದ್ದ. ಅವನನ್ನು ಯಾರೂ ಕೇಳಿರಲಿಲ್ಲ.

ಈ ಕೋಚ್ ಕೆಟ್ಟ ಮನುಷ್ಯ ಅಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ. ಬೆಳಿಗ್ಗೆ ಐದೂವರೆಗೆ ಮೈದಾನದಲ್ಲಿರ್ತಾರೆ. ಬಡ ಹುಡುಗರಿಗೆ ಸ್ಪೈಕ್ಸ್ ಕೊಡಿಸೋದು ಸ್ವಂತ ದುಡ್ಡಲ್ಲಿ. ಒಂದು ವಾರ ಕಳೆದ ಮೇಲೆ ಕ್ಯಾಂಟೀನಲ್ಲಿ ಟೀ ಕುಡೀತಾ ಮಾತಿಗೆಳೆದೆ. ಬೈಯೋದು ಯಾಕೆ ಬೇಕು ಸಾರ್? "ನಮ್ಮ ಗುರುಗಳು ಬೆತ್ತ ಹಿಡೀದೇ ಇದ್ದಿದ್ರೆ ನಾನು ಸ್ಟೇಟ್ ಲೆವೆಲ್ ಓಡ್ತಿರ್ಲಿಲ್ಲ. ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಕ್ತಿರ್ಲಿಲ್ಲ. ನಾಲ್ಕುನೂರು ಮೀಟರಿನ ಕೊನೇ ನೂರು ಮೀಟರಲ್ಲಿ ಮೈಯೆಲ್ಲ ಉರಿಯುತ್ತೆ. ಆಗ ಮುದ್ದು ಮಾಡಿದ ಮಗು ನಿಂತುಬಿಡುತ್ತೆ."

ಉರಿ ಸುಳ್ಳಲ್ಲ. ಆಟ ಅಂದರೆ ಒಂದು ಮಟ್ಟಿಗೆ ನೋವನ್ನು ಸಹಿಸೋದೇ. ಆದರೆ ಆ ಉರಿ ಓಟದ್ದು. ಎಲ್ಲರ ಮುಂದೆ ನಿಲ್ಲಿಸಿ "ಎಮ್ಮೆ" ಅಂದಾಗ ಆಗುವ ಉರಿ ಓಟದ್ದಲ್ಲ, ಅದನ್ನು ಒಬ್ಬ ಮನುಷ್ಯ ಇನ್ನೊಬ್ಬನಿಗೆ ಹಚ್ಚಿದ್ದು. ಎರಡೂ ಒಂದೇ ಮೈದಾನದಲ್ಲಿ, ಒಂದೇ ಹೊತ್ತಿಗೆ ಆಗೋದರಿಂದ ಎರಡೂ ಒಂದೇ ಅನ್ನಿಸಿಬಿಡುತ್ತೆ.

"ನಿಮ್ಮ ಬ್ಯಾಚಲ್ಲಿ ಎಷ್ಟು ಜನ ಇದ್ರಿ?" ಅಂತ ಕೇಳಿದೆ. ಇಪ್ಪತ್ತು ಇಪ್ಪತ್ತೆರಡು. ಸ್ಟೇಟ್ ತನಕ ಹೋದವರು? ಮೂವರು. ಉಳಿದವರು? ಅವರು ಲೋಟ ಕೆಳಗಿಟ್ಟು ಸ್ವಲ್ಪ ಯೋಚಿಸಿದರು. "ಬಿಟ್ಟು ಹೋದ್ರು."

ಬಿಟ್ಟು ಹೋದ ಒಬ್ಬನನ್ನು ನಾನು ಬಲ್ಲೆ. ಹೈಸ್ಕೂಲಲ್ಲಿ ನಾವು ಖೊಖೊ ಆಡ್ತಿದ್ದೆವು. ತಾಲೂಕು ಮಟ್ಟದ ಪಂದ್ಯಕ್ಕೆ ಮುಂಚೆ ಪಿ.ಟಿ. ಮೇಷ್ಟ್ರು ಅವನ ನಡಿಗೆಯನ್ನು ಅಣಕಿಸಿ, ನಮ್ಮನ್ನೆಲ್ಲ ನಗಿಸಿ, ಒಂದು ಅಡ್ಡಹೆಸರಿಟ್ಟರು. ಕಂಬದ ಹತ್ತಿರ ಅವನಷ್ಟು ಚೆನ್ನಾಗಿ ತಿರುಗುವವರು ತಂಡದಲ್ಲಿ ಇರಲಿಲ್ಲ. ಮಾರನೇ ದಿನದಿಂದ ಅವನು ಮೈದಾನಕ್ಕೆ ಬರಲಿಲ್ಲ. ನನಗೂ ಸೀಟಿಯ ದಾರದಲ್ಲಿ ಕಾಲಿಗೆ ಏಟು ಬಿದ್ದಿತ್ತು. ಆ ಏಟಿನ ಕಥೆಯನ್ನು ಮೂವತ್ತು ವರ್ಷದಿಂದ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೀನಿ, "ಅಂಥ ಮೇಷ್ಟ್ರು ಈಗ ಎಲ್ಲಿದ್ದಾರೆ" ಅಂತ. ಅವನ ಕಥೆ ಒಂದು ಸಲವೂ ಹೇಳಿರಲಿಲ್ಲ. ಗುರುವಂದನೆಗೆ ಬಂದು ಮೈಕ್ ಹಿಡಿಯುವವರು ನನ್ನಂಥವರೇ ತಾನೆ? ಏಟಿನಿಂದ ಉದ್ಧಾರವಾದೆ ಅನ್ನೋ ಸಾಕ್ಷಿಗಳೆಲ್ಲ ಉಳಿದವರ ಕಡೆಯವು. ಹೋದವರಿಗೆ ಆಮಂತ್ರಣವೇ ಹೋಗಿರಲ್ಲ.

ಕೆಲವರು ಹೋಗೋದು ಆಟದಿಂದ ಮಾತ್ರ ಅಲ್ಲ. 2012ರ ಡಿಸೆಂಬರಲ್ಲಿ ಜಪಾನಿನ ಒಸಾಕಾದ ಹೈಸ್ಕೂಲೊಂದರ ಬ್ಯಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್, 17 ವರ್ಷದ ಹುಡುಗ, ಕೋಚ್‌ನಿಂದ ಪದೇ ಪದೇ ಕಪಾಳಕ್ಕೆ ಹೊಡೆಸಿಕೊಂಡು ಕೊನೆಗೆ ಜೀವ ಕಳೆದುಕೊಂಡ. 2013ರಲ್ಲಿ ಕೋರ್ಟು ಆ ಕೋಚ್ ಅಪರಾಧಿ ಅಂತ ತೀರ್ಪು ಕೊಟ್ಟಿತು. ಅದೇ ವರ್ಷದ ಜನವರಿಯಲ್ಲಿ ಅಲ್ಲಿನ 15 ಮಹಿಳಾ ಜೂಡೋ ಪಟುಗಳು ರಾಷ್ಟ್ರೀಯ ಕೋಚ್ ಹೊಡೀತಾರೆ ಅಂತ ದೂರು ಕೊಟ್ಟಿದ್ದು ಬಯಲಾಗಿ, ಅವರು ರಾಜೀನಾಮೆ ಕೊಡಬೇಕಾಯ್ತು. ಶಿಸ್ತಿಗೆ ಹೆಸರಾದ ದೇಶದಲ್ಲೇ ಹೀಗೆ. ಹುಡುಗನಾಗಿದ್ದಾಗ ಬೇಕಾದಷ್ಟು ಏಟು ತಿಂದು ಬೆಳೆದ ಅಲ್ಲಿನ ಹೆಸರಾಂತ ಬೇಸ್‌ಬಾಲ್ ಆಟಗಾರ ಮಾಸುಮಿ ಕುವಾಟಾ ಕೂಡ, ಹೊಡೆತದಿಂದ ಯಾರೂ ಗಟ್ಟಿಯಾಗಲ್ಲ ಅಂತ ಆಗ ಬಹಿರಂಗವಾಗಿ ಹೇಳಿದರು. ಉಳಿದವರ ಕಡೆಯಿಂದ ಇಂಥ ಸಾಕ್ಷಿ ಬರೋದು ಅಪರೂಪ.

ಲೈಂಗಿಕ ಕಿರುಕುಳದ ಮಾತೆತ್ತಿದಾಗ ನಮ್ಮ ಕೋಚ್‌ಗೆ ಸಿಟ್ಟು ಬಂತು. "ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಅಂಥವರನ್ನ ಜೈಲಿಗೆ ಹಾಕ್ಲಿ." ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಒಂದರ ದಾರಿಯಲ್ಲೇ ಇನ್ನೊಂದು ಬರುತ್ತೆ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್‌ಗೆ 2018ರಲ್ಲಿ 40ರಿಂದ 175 ವರ್ಷದ ಸೆರೆಯಾಯ್ತು. 150ಕ್ಕೂ ಹೆಚ್ಚು ಹೆಣ್ಣುಮಕ್ಕಳು ಕೋರ್ಟಲ್ಲಿ ನಿಂತು ತಮಗಾದದ್ದನ್ನು ಹೇಳಿದರು. ಟೆಕ್ಸಾಸಿನಲ್ಲಿ ಅವರ ತರಬೇತಿ ಶಿಬಿರ ನಡೆಯುತ್ತಿದ್ದ ಜಾಗ ಕಟ್ಟುನಿಟ್ಟಿಗೆ ಹೆಸರುವಾಸಿ. ತೂಕ ಹೆಚ್ಚಾದೀತು ಅಂತ ತಿನ್ನೋಕೂ ಹೆದರುತ್ತಿದ್ದ ಮಕ್ಕಳಿಗೆ ಕದ್ದು ತಿಂಡಿ ತಂದುಕೊಡುತ್ತಿದ್ದ, ನಗುನಗುತ್ತ ಮಾತಾಡುತ್ತಿದ್ದ ಮನುಷ್ಯ ಈ ನಾಸರ್. ಗದರುವ ಕೋಚ್‌ಗಳ ನಡುವೆ ಅವನು ದೇವರ ಹಾಗೆ ಕಂಡಿರಬೇಕು. ನೋವಾದರೆ ಬಾಯಿ ಬಿಡಬೇಡ ಅಂತ ಮೊದಲೇ ಕಲಿತಿದ್ದ ಮಕ್ಕಳು ಅವರು. ಇನ್ನು ನಮ್ಮಲ್ಲಿ, ಒಲಿಂಪಿಕ್ ಪದಕ ಗೆದ್ದ ಸಾಕ್ಷಿ ಮಲಿಕ್ ಅಂಥವರೇ ಕುಸ್ತಿ ಫೆಡರೇಷನ್ ಅಧ್ಯಕ್ಷರ ಮೇಲಿನ ಆರೋಪವನ್ನು ಪೊಲೀಸರು ಬರೆದುಕೊಳ್ಳಲಿ ಅಂತ 2023ರಲ್ಲಿ ಜಂತರ್ ಮಂತರ್‌ನಲ್ಲಿ ಕೂರಬೇಕಾಯ್ತು. ಎಫ್‌ಐಆರ್ ಆಗೋಕೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯ್ತು. ಹೋಬಳಿ ಮಟ್ಟದ ಹದಿಮೂರರ ಹುಡುಗಿ ಯಾರ ಬಾಗಿಲು ತಟ್ಟಬೇಕು? ತಂಡದ ಪಟ್ಟಿ ಬರೆಯುವ ಪೆನ್ನು ಯಾರ ಜೇಬಲ್ಲಿದೆಯೋ ಅವರ ಮುಂದೆ ಆ ಮಗುವಿನ "ಹೂಂ" ಎಷ್ಟರ ಮಟ್ಟಿಗೆ ಒಪ್ಪಿಗೆ?

ಏಕಲವ್ಯನೂ ಒಪ್ಪಿಯೇ ಕೊಟ್ಟಿದ್ದು. 1985ರಿಂದ ದೇಶದ ಶ್ರೇಷ್ಠ ಕೋಚ್‌ಗಳಿಗೆ ಕೊಡುತ್ತಿರುವ ಪ್ರಶಸ್ತಿಗೆ ಬೆರಳು ಕೇಳಿದವನ ಹೆಸರೇ ಇದೆ.

ಶಾಲೆಯೊಳಗೆ ಈಗ ಇದು ನಡೆಯಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತೆ. ಒಂಬತ್ತು ಗಂಟೆಗೆ ಕ್ಲಾಸಲ್ಲಿ ಟೀಚರ್ ಅನ್ನಬಾರದ ಮಾತನ್ನು ಆರು ಗಂಟೆಗೆ ಮೈದಾನದಲ್ಲಿ ಅದೇ ಮಗುವಿಗೆ ಅನ್ನಬಹುದು, ನಾವು ಮೇಲಿಂದ ಫೀಸೂ ಕಟ್ಟಿರ್ತೀವಿ.

ಕೊನೆಗೆ ಒಂದು ಮಾತು ಕೇಳಿದೆ. ಶಿಬಿರದಲ್ಲಿ ದೊಡ್ಡ ಅಧಿಕಾರಿಯೊಬ್ಬರ ಮಗನೂ ಇದ್ದ, ಜೀಪಲ್ಲಿ ಬರ್ತಿದ್ದ. "ಅವನಿಗೂ ಹೀಗೇ ಬೈತೀರಾ ಸಾರ್?"

ಅವರು ಜೋರಾಗಿ ನಕ್ಕರು. "ಅವನಿಗೆ ಬೈದ್ರೆ ನನ್ನ ಗತಿ ಏನು?"

"ಮತ್ತೆ ಅವನು ಕಲಿಯೋದು ಹೇಗೆ?"

"ತೋರಿಸಿ ಹೇಳಿಕೊಡ್ತೀನಿ. ತಪ್ಪಾದ್ರೆ ಇನ್ನೊಂದ್ಸಲ ತೋರಿಸ್ತೀನಿ."

"ಬೈಗುಳ ಅಷ್ಟು ಒಳ್ಳೇ ಔಷಧಿಯಾದ್ರೆ ಅದನ್ನ ಆ ಹುಡುಗನಿಗೆ ಕೊಡದೇ ಅನ್ಯಾಯ ಮಾಡ್ತಿದ್ದೀರಲ್ಲ ಸಾರ್" ಅಂದೆ. ಅವರು ಮಾತಾಡಲಿಲ್ಲ. ಟೀ ದುಡ್ಡು ಅವರೇ ಕೊಟ್ಟರು, ನನ್ನನ್ನು ಕೊಡೋಕೆ ಬಿಡಲಿಲ್ಲ.

ಮಾರನೇ ದಿನ ಬೆಳಿಗ್ಗೆ ಗೇಟಿನ ಹತ್ತಿರವೇ ಸಿಕ್ಕರು. "ನಿನ್ನೆ ನೀವು ಹೇಳಿದ್ದು ಯೋಚನೆ ಮಾಡ್ದೆ. ನಿಮ್ಮ ಮಗನಿಗೆ ಇನ್ಮೇಲೆ ಬೈಯಲ್ಲ ಬಿಡಿ" ಅಂದು ಬೆನ್ನು ತಟ್ಟಿ ಹೋದರು. ನಾನು ಥ್ಯಾಂಕ್ಸ್ ಅಂದೆ. ಅಂದ ಮೇಲೆ ಮೈದಾನದ ಕಡೆ ನೋಡಿದೆ. ಮಗನ ಪಕ್ಕದ ಲೇನಲ್ಲಿ ಆಟೋದವರ ಮಗ ಮಂಡಿಯೂರಿ ಸ್ಟಾರ್ಟ್ ಪ್ರಾಕ್ಟೀಸ್ ಮಾಡ್ತಿದ್ದ. ಸೀಟಿ ಊದುವ ಮೊದಲೇ ಎದ್ದ. "ಏಯ್ ಎಮ್ಮೆ!" ಅನ್ನೋ ಕೂಗು ಗೇಟಿನ ತನಕ ಕೇಳಿಸಿತು.