ತೋಳದ ಮುಖವೂ ಅಪರಾಧಿಯ ಮುಖವೂ

ಅಮೆರಿಕದ ಎನ್‌ಬಿಸಿ ವಾಹಿನಿ 2011ರ ಅಕ್ಟೋಬರ್‌ನಿಂದ 2017ರ ಮಾರ್ಚ್‌ವರೆಗೆ 'ಗ್ರಿಮ್' ಎಂಬ ಧಾರಾವಾಹಿಯನ್ನು ಪ್ರಸಾರ ಮಾಡಿತು. ಒಟ್ಟು 123 ಕಂತುಗಳು. ನಮ್ಮ ಓದುಗರಲ್ಲಿ ಹೆಚ್ಚಿನವರು ನೋಡಿರಲಿಕ್ಕಿಲ್ಲ, ಆದ್ದರಿಂದ ಕಥೆಯ ಎಳೆಯನ್ನು ಮೊದಲು ಹೇಳಿಬಿಡೋಣ. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ನಿಕ್ ಎಂಬ ಪೊಲೀಸ್ ಪತ್ತೇದಾರನಿದ್ದಾನೆ. ಒಂದು ದಿನ ಇದ್ದಕ್ಕಿದ್ದಂತೆ ಅವನಿಗೆ ದಾರಿಯಲ್ಲಿ ಹೋಗುವವರ ಮುಖಗಳು ಕ್ಷಣಮಾತ್ರ ಬದಲಾಗುವುದು ಕಾಣತೊಡಗುತ್ತದೆ. ಸಾಯುವ ಹಂತದಲ್ಲಿರುವ, ಅವನನ್ನು ಸಾಕಿ ಬೆಳೆಸಿದ ತಾಯಿಯ ಸೋದರಿ ಗುಟ್ಟು ಬಿಡಿಸುತ್ತಾಳೆ: ನಮ್ಮದು ಗ್ರಿಮ್ ಮನೆತನ, ಮನುಷ್ಯರ ನಡುವೆ ಮನುಷ್ಯರ ಹಾಗೆಯೇ ಬದುಕುತ್ತಿರುವ ಪ್ರಾಣಿರೂಪಿಗಳನ್ನು ಕಾಣುವ ಶಕ್ತಿ ನಮಗಿದೆ. ಆ ಜೀವಿಗಳಿಗೆ ಧಾರಾವಾಹಿ ಕೊಟ್ಟ ಹೆಸರು 'ವೇಸನ್'. ಜರ್ಮನ್ ಭಾಷೆಯಲ್ಲಿ ಅದರ ಅರ್ಥ ಜೀವಿ ಎಂದಷ್ಟೇ. ತೋಳದವರು, ನರಿಯವರು, ಕರಡಿಯವರು ಹೀಗೆ ನೂರಾರು ಕುಲಗಳು. ಜರ್ಮನಿಯ ಗ್ರಿಮ್ ಸೋದರರು 1812ರಿಂದ ಪ್ರಕಟಿಸಿದ ಜಾನಪದ ಕಥೆಗಳೆಲ್ಲ ನಿಜವಾಗಿ ಅಪರಾಧ ವರದಿಗಳೇ ಆಗಿದ್ದವು ಎಂಬುದು ಇಲ್ಲಿಯ ಕಲ್ಪನೆ.

ಇಂಥ ಧಾರಾವಾಹಿಯ ಬಗ್ಗೆ ಒಂದು ಗಂಭೀರ ಮಾಸಿಕ ಬರೆಯಬೇಕೇ ಎಂದು ಕೆಲವರು ಕೇಳಬಹುದು. ಇದರ ಅಭಿಮಾನಿಗಳು ಆಡುವ ಮಾತುಗಳನ್ನು ಗಮನಿಸಿದರೆ, ಅವರು ಚರ್ಚಿಸುತ್ತಿರುವುದು ನಮ್ಮನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆಯನ್ನೇ ಎಂಬುದು ತಿಳಿಯುತ್ತದೆ. ಯಾವ ಕುಲದವರು ಹೇಗಿರುತ್ತಾರೆ, ಯಾರ ಸ್ವಭಾವವೇನು, ಯಾರನ್ನು ನಂಬಬಾರದು ಎಂಬ ಪಟ್ಟಿ ಅವರ ಮಾತಿನಲ್ಲಿ ಮೊದಲು ಬರುತ್ತದೆ. ಆಮೇಲೆ ವಾದ ಶುರುವಾಗುತ್ತದೆ. ಈ ಕಂತಿನಲ್ಲಿ ಕೊಂದವನು ಕೊಂದದ್ದು ತನ್ನ ಕುಲದ ಸ್ವಭಾವದಿಂದಲೋ, ತನ್ನ ದುಷ್ಟತನದಿಂದಲೋ? ಸ್ವಭಾವದಿಂದ ಎನ್ನುವುದಾದರೆ ಅವನಿಗೆ ಶಿಕ್ಷೆ ಏಕೆ? ದುಷ್ಟತನದಿಂದ ಎನ್ನುವುದಾದರೆ ಅವನ ಕುಲದ ಹೆಸರು ಏಕೆ?

ಈ ಪ್ರಶ್ನೆಗೆ ಧಾರಾವಾಹಿಯ ಮೊದಲ ಕಂತಿನಲ್ಲೇ ಒಂದು ಒಳ್ಳೆಯ ಉತ್ತರವಿದೆ. ಕೆಂಪು ಟೋಪಿಯಂಗಿ ತೊಟ್ಟ ಯುವತಿಯೊಬ್ಬಳು ಕಾಡಿನಲ್ಲಿ ಕೊಲೆಯಾಗಿದ್ದಾಳೆ. ಬೆನ್ನಿಗೇ ಇನ್ನೊಂದು ಬಾಲಕಿ ಶಾಲೆಯಿಂದ ಮನೆಗೆ ಬರುವಾಗ ಕಾಣೆಯಾಗುತ್ತಾಳೆ. ಹುಡುಕುತ್ತಾ ಹೊರಟ ನಿಕ್, ತನ್ನ ಮನೆಯ ಮುಂದೆ ನಿಂತ ಮನ್ರೋ ಎಂಬವನ ಮುಖ ತೋಳದ ಮುಖವಾಗುವುದನ್ನು ಕಾಣುತ್ತಾನೆ. ಹಾರಿ ಹಿಡಿಯುತ್ತಾನೆ. ಪೊಲೀಸರು ಮನೆಯನ್ನೆಲ್ಲ ಜಾಲಾಡುತ್ತಾರೆ. ಏನೂ ಸಿಗುವುದಿಲ್ಲ. ಮನ್ರೋ ಗಡಿಯಾರ ರಿಪೇರಿ ಮಾಡಿಕೊಂಡು, ಸೆಲ್ಲೋ ನುಡಿಸಿಕೊಂಡು, ಮಾಂಸ ಬಿಟ್ಟು, ಪಥ್ಯ ಮತ್ತು ವ್ಯಾಯಾಮದಿಂದ ತನ್ನನ್ನು ತಾನೇ ಹತೋಟಿಯಲ್ಲಿಟ್ಟುಕೊಂಡ ಒಬ್ಬ ಒಂಟಿ ಮನುಷ್ಯ. ಅಪರಾಧಿ ಬೇರೆಯವನು.

ನಿಕ್ ಕಂಡದ್ದು ಸುಳ್ಳಾಗಿರಲಿಲ್ಲ ಎಂಬುದು ಇಲ್ಲಿ ಮುಖ್ಯ. ಅದು ಕಣ್ಣಿನ ಭ್ರಮೆಯಲ್ಲ, ಯಾರೋ ಹಬ್ಬಿಸಿದ ವದಂತಿಯೂ ಅಲ್ಲ. ಮನ್ರೋ ನಿಜವಾಗಿಯೂ ತೋಳವೇ. ಅವನ ಒಳಗನ್ನು ನಿಕ್ ಸರಿಯಾಗಿಯೇ ಕಂಡಿದ್ದಾನೆ, ಆದರೂ ಅವನ ತೀರ್ಮಾನ ತಪ್ಪಾಗಿದೆ. ಪೂರ್ವಗ್ರಹದ ವಿರುದ್ಧ ನಾವು ಸಾಮಾನ್ಯವಾಗಿ ಹೂಡುವ ವಾದ 'ನೀವು ಅಂದುಕೊಂಡಂತೆ ಅವರು ಇಲ್ಲ' ಎನ್ನುವುದು. ಈ ಕಥೆ ಅದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಅವನು ನೀವು ಅಂದುಕೊಂಡಂತೆಯೇ ಇರಲಿ, ಆದರೂ ಆ ಮಗುವನ್ನು ಅಪಹರಿಸಿದ್ದು ಅವನಲ್ಲ ಎನ್ನುತ್ತದೆ. ಒಬ್ಬನು ಯಾರು ಎಂಬುದು ಗೊತ್ತಾದ ಮಾತ್ರಕ್ಕೆ ಅವನು ಏನು ಮಾಡಿದ ಎಂಬುದು ಗೊತ್ತಾಗುವುದಿಲ್ಲ.

ಇಲ್ಲಿಂದ ನಿಜವಾದ ಪೋರ್ಟ್‌ಲ್ಯಾಂಡ್‌ಗೆ ಬರೋಣ. ಧಾರಾವಾಹಿ ಶುರುವಾಗುವುದಕ್ಕೆ ಏಳು ವರ್ಷ ಮೊದಲು ಅದೇ ನಗರದಲ್ಲಿ ಒಂದು ಪ್ರಕರಣ ನಡೆಯಿತು. 2004ರ ಮಾರ್ಚ್ 11ರಂದು ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ರೈಲುಗಳಲ್ಲಿ ಬಾಂಬು ಸಿಡಿದು 190ಕ್ಕೂ ಹೆಚ್ಚು ಜನ ಸತ್ತರು. ಡಿಟೊನೇಟರ್‌ಗಳಿದ್ದ ಒಂದು ಪ್ಲಾಸ್ಟಿಕ್ ಚೀಲದ ಮೇಲೆ ಬೆರಳಚ್ಚು ಸಿಕ್ಕಿತು. ಅಮೆರಿಕದ ಎಫ್‌ಬಿಐ ಅದನ್ನು ತನ್ನ ಕಂಪ್ಯೂಟರಿಗೆ ಕೊಟ್ಟಾಗ ಹೋಲಿಕೆಯಿರುವ ಇಪ್ಪತ್ತು ಜನರ ಪಟ್ಟಿ ಬಂತು. ಅದರಲ್ಲಿ ಪೋರ್ಟ್‌ಲ್ಯಾಂಡ್ ಭಾಗದ ವಕೀಲ ಬ್ರ್ಯಾಂಡನ್ ಮೇಫೀಲ್ಡ್ ಒಬ್ಬರು. ಹಿಂದೆ ಅಮೆರಿಕದ ಸೇನೆಯಲ್ಲಿದ್ದವರು, ಇಸ್ಲಾಮ್ ಸ್ವೀಕರಿಸಿದವರು. ಬೆರಳಚ್ಚು ಅವರದೇ ಎಂದು ತಜ್ಞರು ಷರಾ ಬರೆದರು. ಸ್ಪೇನಿನ ಪೊಲೀಸರು ಏಪ್ರಿಲ್‌ನಲ್ಲೇ ಇದು ಹೊಂದುವುದಿಲ್ಲ ಎಂದು ತಿಳಿಸಿದರು. ಎಫ್‌ಬಿಐ ಕೇಳಲಿಲ್ಲ. ಮೇ 6ರಂದು ಮೇಫೀಲ್ಡ್ ಬಂಧನವಾಯಿತು. ಕೊನೆಗೆ ಸ್ಪೇನಿನವರು ಆ ಬೆರಳಚ್ಚು ಅಲ್ಜೀರಿಯಾದ ಇನ್ನೊಬ್ಬನದೆಂದು ಗುರುತಿಸಿದಾಗ, ಮೇ 20ರಂದು ಬಿಡುಗಡೆ.

ಇದರಲ್ಲಿ ನಮ್ಮನ್ನು ಬೆಚ್ಚಿಬೀಳಿಸುವುದು ಬೆರಳಚ್ಚಿನ ತಪ್ಪಲ್ಲ. ತಪ್ಪು ಯಾರಿಂದಲೂ ಆಗಬಹುದು. ಮೇಫೀಲ್ಡ್ ಆ ಅವಧಿಯಲ್ಲಿ ವಿದೇಶಕ್ಕೆ ಹೋದದ್ದಕ್ಕೆ ಯಾವ ದಾಖಲೆಯೂ ಇರಲಿಲ್ಲ. ಸಾಮಾನ್ಯ ವಿವೇಕ ಏನು ಹೇಳುತ್ತದೆ? ಹೋಗದವನ ಬೆರಳಚ್ಚು ಮ್ಯಾಡ್ರಿಡ್‌ನಲ್ಲಿ ಇರುವುದು ಹೇಗೆ ಎಂದು. ತನಿಖಾಧಿಕಾರಿಗಳು ಮಾಡಿದ ಊಹೆಯೇ ಬೇರೆ: ಸುಳ್ಳು ಹೆಸರಿನಲ್ಲಿ ಹೋಗಿರಬೇಕು! ನಿರಪರಾಧಿ ಎನ್ನಲು ಇದ್ದ ಪುರಾವೆಯೇ ಅಡಗಿಕೊಳ್ಳುವ ಜಾಣತನಕ್ಕೆ ಪುರಾವೆಯಾಯಿತು. ಮಸೀದಿಗೆ ಹೋಗುತ್ತಿದ್ದುದು, ಭಯೋತ್ಪಾದನೆಯ ಪ್ರಕರಣದಲ್ಲಿ ಸಿಕ್ಕಿದ್ದ ಒಬ್ಬನಿಗೆ ಮಗುವಿನ ಪಾಲನೆಯ ದಾವೆಯಲ್ಲಿ ವಕೀಲರಾಗಿದ್ದುದು, ಇವೆಲ್ಲ ಕಡತಕ್ಕೆ ಸೇರಿದವು. ಅಮೆರಿಕದ ನ್ಯಾಯ ಇಲಾಖೆಯ ಮಹಾನಿರೀಕ್ಷಕರ 2006ರ ವರದಿಯು, ಮೊದಲ ತಪ್ಪಿಗೆ ಅವರ ಧರ್ಮ ಕಾರಣವಲ್ಲ, ಆದರೆ ಸಂದೇಹಗಳು ಎದ್ದ ಮೇಲೂ ತಪ್ಪನ್ನು ಮರುಪರಿಶೀಲಿಸದೆ ಹೋದುದಕ್ಕೆ ಅದೂ ಸೇರಿ ಕಾರಣವಾಗಿರಬಹುದು ಎಂಬರ್ಥದ ತೀರ್ಮಾನಕ್ಕೆ ಬಂತು. ಆ ವರ್ಷದ ನವೆಂಬರ್‌ನಲ್ಲಿ ಸರ್ಕಾರ ಕ್ಷಮೆ ಕೇಳಿ 20 ಲಕ್ಷ ಡಾಲರ್ ಪರಿಹಾರ ಕೊಟ್ಟಿತು.

ಕರ್ನಾಟಕದ ಓದುಗರಿಗೆ ಇಲ್ಲಿ ಡಾ. ಮುಹಮ್ಮದ್ ಹನೀಫ್ ನೆನಪಾಗದೆ ಇರಲಾರರು. ಬೆಂಗಳೂರಿನಲ್ಲಿ ವೈದ್ಯಕೀಯ ಓದಿದ ಆ ತರುಣ, ಹೆರಿಗೆಯಾದ ಪತ್ನಿಯನ್ನೂ ಹಸುಗೂಸನ್ನೂ ನೋಡಲು ಬೆಂಗಳೂರಿಗೆ ಹೊರಟಿದ್ದಾಗ 2007ರ ಜುಲೈ 2ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿತರಾದರು. ಬರುವ ಟಿಕೆಟ್ ಇಲ್ಲದೆ ಹೋಗುವ ಟಿಕೆಟ್ ಮಾತ್ರ ಇದ್ದುದು ಗುಮಾನಿಗೆ ಆಹಾರವಾಯಿತು. ಬ್ರಿಟನ್ ಬಿಡುವಾಗ ಅವರು ಸಂಬಂಧಿಗೆ ಕೊಟ್ಟುಬಂದಿದ್ದ ಸಿಮ್ ಕಾರ್ಡ್ ಗ್ಲಾಸ್ಗೋದಲ್ಲಿ ಉರಿದ ಜೀಪಿನೊಳಗೆ ಸಿಕ್ಕಿತೆಂದು ನ್ಯಾಯಾಲಯದಲ್ಲಿ ಹೇಳಲಾಯಿತು. ಅದು ಸಿಕ್ಕಿದ್ದು ದೂರದ ಲಿವರ್‌ಪೂಲ್‌ನಲ್ಲಿ. ಅದೇ ತಿಂಗಳು ಆರೋಪ ಬಿದ್ದುಹೋಯಿತು. 2010ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಕ್ಷಮೆ ಕೋರಿತು.

ಕೃತ್ಯದ ಬಗ್ಗೆ ಇರುವ ಗುಮಾನಿ ಒಂದು ಬಗೆ. ಸ್ವಭಾವದ ಬಗ್ಗೆ ಇರುವ ಗುಮಾನಿ ಇನ್ನೊಂದು ಬಗೆ. ಆ ರಾತ್ರಿ ನೀನು ಎಲ್ಲಿದ್ದೆ ಎಂದು ಕೇಳಿದರೆ ಉತ್ತರ ಕೊಡಬಹುದು, ಸಾಕ್ಷಿ ತರಬಹುದು, ಗುಮಾನಿ ತೀರುತ್ತದೆ. ಆ ಗುಮಾನಿಗೆ ಹೊರಬಾಗಿಲಿದೆ. ನಿನ್ನ ಒಳಗೆ ಏನೋ ಅಡಗಿದೆ ಎಂದರೆ ಉತ್ತರವಿಲ್ಲ. ಸಿಟ್ಟು ಬಂದರೆ ಒಳಗಿನದು ಹೊರಬಂತು ಎನ್ನುತ್ತಾರೆ. ಸಮಾಧಾನದಿಂದಿದ್ದರೆ ಚೆನ್ನಾಗಿ ನಟಿಸುತ್ತಾನೆ ಎನ್ನುತ್ತಾರೆ. ಪೊಲೀಸರು ಯಾರನ್ನೂ ಸಂಶಯಿಸಬಾರದು ಎಂದು ನಾವು ಹೇಳುತ್ತಿಲ್ಲ. ಸಂಶಯಿಸದೆ ತನಿಖೆ ನಡೆಯುವುದಿಲ್ಲ. ಮ್ಯಾಡ್ರಿಡ್‌ನಲ್ಲಿ ಸತ್ತವರಿಗೂ ನ್ಯಾಯ ಬೇಕು. ಆದರೆ ಹೊರಬಾಗಿಲಿಲ್ಲದ ಸಂಶಯ ತನಿಖೆಯಲ್ಲ, ಅದು ತನಿಖೆಗೆ ಮೊದಲೇ ಬರೆದಿಟ್ಟ ತೀರ್ಪು.

ಗ್ರಿಮ್ ಮನೆತನದವರ ಬಳಿ ಹಳೆಯ ಪುಸ್ತಕಗಳಿವೆ. ಯಾವ ಕುಲದವರನ್ನು ಹೇಗೆ ಗುರುತಿಸಬೇಕು, ಹೇಗೆ ಕೊಲ್ಲಬೇಕು ಎಂಬ ವಿವರಗಳು, ಚಿತ್ರಸಮೇತ. ಅಭಿಮಾನಿಗಳಿಗೆ ಆ ಪುಸ್ತಕಗಳ ಮೇಲೆ ಬಹಳ ಪ್ರೀತಿ. ನಮಗೆ ಮಾತ್ರ ಅವನ್ನು ಕಂಡಾಗ ಬ್ರಿಟಿಷರ ಪೊಲೀಸ್ ದಫ್ತರಗಳು ನೆನಪಾಗುತ್ತವೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ನಮೂದಿಸಿತು. ಕೂಸು ಕಣ್ಣು ಬಿಡುವ ಮೊದಲೇ ಅದರ ಹೆಸರು ಪಟ್ಟಿಯ ನೆರಳಿನಲ್ಲಿರುತ್ತಿತ್ತು. 1952ರಲ್ಲಿ ಕಾಯ್ದೆ ರದ್ದಾಯಿತು, ಆದರೆ ಊರಿನಲ್ಲಿ ಕಳವಾದರೆ ಮೊದಲು ಅಲೆಮಾರಿಗಳ ಗುಡಾರಕ್ಕೆ ಹೋಗುವ ಅಭ್ಯಾಸ ಅದರೊಂದಿಗೆ ರದ್ದಾಗಲಿಲ್ಲ. ಆದ್ದರಿಂದ ಇದು ಮುಸ್ಲಿಮರ ಅಳಲು ಮಾತ್ರವಲ್ಲ. ಪಟ್ಟಿಯಲ್ಲಿ ಹೆಸರುಗಳು ಬದಲಾಗುತ್ತವೆ, ಪಟ್ಟಿ ಉಳಿಯುತ್ತದೆ. ಗ್ರಿಮ್ ಸೋದರರ ಸಂಗ್ರಹದಲ್ಲೇ ಯಹೂದಿಯೊಬ್ಬನನ್ನು ಮುಳ್ಳಿನ ಪೊದೆಯಲ್ಲಿ ಕುಣಿಸಿ, ಕೊನೆಗೆ ಗಲ್ಲಿಗೇರಿಸಿ ನಗುವ ಕಥೆಯೊಂದಿದೆ. ಮಕ್ಕಳ ಪುಸ್ತಕಗಳಲ್ಲಿ ಅದನ್ನು ಈಗ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ಒಳ್ಳೆಯದೇ.

ಧಾರಾವಾಹಿಯ ಮೊದಲ ಸರಣಿಯಲ್ಲಿ ಇನ್ನೊಂದು ಕಂತಿದೆ, ಅದು ನಮಗೆ ಒಪ್ಪಿಗೆಯಾಗಲಿಲ್ಲ. ಹಳೆಯ ಚಲನಚಿತ್ರದ ತುಣುಕಿನಲ್ಲಿ ನಿಕ್ ಹಿಟ್ಲರನನ್ನು ನೋಡುತ್ತಾನೆ, ಅವನ ಮುಖ ನರಿಯಂಥ ಪ್ರಾಣಿಯದಾಗುತ್ತದೆ. ಮೈ ಜುಮ್ಮೆನ್ನಿಸುವ ದೃಶ್ಯವೇ. ಆದರೆ ಇದರ ಅರ್ಥವೇನು? ಲಕ್ಷಾಂತರ ಜನರನ್ನು ಕೊಂದವನು ಮನುಷ್ಯನೇ ಅಲ್ಲ ಎಂದಾದರೆ ಮನುಷ್ಯರಿಗೆ ಎಷ್ಟು ಸುಲಭದ ಬಿಡುಗಡೆ! ಐಖ್‌ಮನ್‌ನ ವಿಚಾರಣೆಯನ್ನು ನೋಡಿ ಬಂದ ಹನ್ನಾ ಅರೆಂಟ್ 1963ರ ತಮ್ಮ ಪುಸ್ತಕದಲ್ಲಿ ಗುರುತಿಸಿದ್ದು ಇದಕ್ಕೆ ತದ್ವಿರುದ್ಧವಾದುದನ್ನು. ಗಾಜಿನ ಪೆಟ್ಟಿಗೆಯೊಳಗೆ ಕುಳಿತಿದ್ದವನು ರಾಕ್ಷಸನಲ್ಲ, ಯೋಚಿಸುವುದನ್ನು ಬಿಟ್ಟ ಒಬ್ಬ ಸಾಧಾರಣ ಗುಮಾಸ್ತ. ಅವನ ಮುಖದ ಹಿಂದೆ ಬೇರೆ ಮುಖವಿರಲಿಲ್ಲ. ಕೇಡಿಗೆ ಕೋರೆಹಲ್ಲು ಇದ್ದೇ ಇರುತ್ತದೆ ಎಂದು ನಂಬಿದವರು ಕೋರೆಹಲ್ಲಿಲ್ಲದ ಕೇಡನ್ನು ಪಕ್ಕದಲ್ಲೇ ಕೂರಿಸಿಕೊಂಡು ಚಹಾ ಕುಡಿಯುತ್ತಾರೆ.

ಅಡಗಿರುವ ಜೀವಿಗಳ ಕಲ್ಪನೆ ಮುಸ್ಲಿಮರಿಗೆ ಹೊಸದಲ್ಲ. ಜಿನ್ನ್‌ಗಳಿವೆ ಎಂದು ನಾವು ನಂಬುತ್ತೇವೆ. ಆದರೆ ಅವುಗಳನ್ನು ಒಂದೇ ಕಟ್ಟಿಗೆ ಕಟ್ಟಿ ದುಷ್ಟವೆಂದು ಕುರ್‌ಆನ್ ಹೇಳುವುದಿಲ್ಲ. ಅವರ ಹೆಸರಿನ ಅಧ್ಯಾಯದಲ್ಲಿ ಅವರೇ ತಮ್ಮಲ್ಲಿ ಸಜ್ಜನರೂ ಇದ್ದಾರೆ, ಹಾಗಲ್ಲದವರೂ ಇದ್ದಾರೆ ಎಂದು ಸಾಕ್ಷಿ ನುಡಿಯುತ್ತಾರೆ. ಕಣ್ಣಿಗೆ ಕಾಣದವರ ವಿಷಯದಲ್ಲೂ ಕುಲ ನೋಡಿ ತೀರ್ಪಿಲ್ಲ. ಮೂಲವನ್ನು ಮುಂದಿಟ್ಟು ಮೊಟ್ಟಮೊದಲು ವಾದಿಸಿದವನು ಯಾರು? ಇಬ್ಲೀಸ್. ತಾನು ಬೆಂಕಿಯವನು, ಆದಮರು ಮಣ್ಣಿನವರು ಎಂಬುದೇ ಅವನ ವಾದವಾಗಿತ್ತು. ಆದಮರು ಏನು ಮಾಡಿದರು ಎಂದು ಅವನು ನೋಡಲಿಲ್ಲ, ಯಾವುದರಿಂದ ಮಾಡಲ್ಪಟ್ಟವರು ಎಂದು ನೋಡಿದ.

ಯುದ್ಧದಲ್ಲಿ ಎದುರಾಳಿಯೊಬ್ಬ ಕೊನೆಯ ಗಳಿಗೆಯಲ್ಲಿ ಸತ್ಯಸಾಕ್ಷ್ಯ ನುಡಿದರೂ ಉಸಾಮಾ(ರ) ಅವನನ್ನು ಕೊಂದರು. ಪ್ರಾಣಭಯದಿಂದ ನುಡಿದನೆಂಬುದು ಅವರ ಸಮರ್ಥನೆ. ಅವನ ಎದೆ ಸೀಳಿ ನೋಡಿದಿರಾ ಎಂಬರ್ಥದಲ್ಲಿ ಪ್ರವಾದಿಯವರು(ಸ) ಅವರನ್ನು ಕಟುವಾಗಿ ಪ್ರಶ್ನಿಸಿದ್ದು ಹದೀಸ್‌ಗಳಲ್ಲಿ ಪ್ರಸಿದ್ಧವಾಗಿದೆ. ಉಸಾಮಾರ ಊಹೆ ಸರಿಯಿದ್ದಿರಲೂಬಹುದು. ಪ್ರವಾದಿಯವರು ಅದನ್ನು ಚರ್ಚಿಸಲೇ ಇಲ್ಲ. ಎದೆಯೊಳಗಿನದು ಮನುಷ್ಯರ ನ್ಯಾಯಾಲಯದ ವ್ಯಾಪ್ತಿಯಲ್ಲಿಲ್ಲ ಎಂದಷ್ಟೇ ತೋರಿಸಿದರು. ಗುಮಾನಿಯಿಂದ ದೂರವಿರಿ, ಪರರ ಗುಟ್ಟು ಕೆದಕಬೇಡಿ ಎಂದು ಹುಜುರಾತ್ ಅಧ್ಯಾಯವೂ ತಾಕೀತು ಮಾಡುತ್ತದೆ. ಖಲೀಫ ಉಮರ್(ರ) ರಾತ್ರಿ ಗಸ್ತಿನಲ್ಲಿ ಒಂದು ಮನೆಯ ಗೋಡೆ ಹತ್ತಿಳಿದು ಮದ್ಯದೊಂದಿಗೆ ಕುಳಿತವನನ್ನು ಹಿಡಿದ ಕಥೆಯನ್ನು ಇಮಾಮ್ ಗಝ್ಝಾಲಿ ಹೇಳುತ್ತಾರೆ. ನನ್ನದು ಒಂದು ತಪ್ಪು, ನಿಮ್ಮದು ಮೂರು ಎಂದನಂತೆ ಆತ. ಗುಟ್ಟು ಕೆದಕಿದಿರಿ, ಬಾಗಿಲು ಬಿಟ್ಟು ಬಂದಿರಿ, ಅನುಮತಿ ಕೇಳದೆ ಬಂದಿರಿ. ಖಲೀಫರು ಬಿಟ್ಟು ಹೊರಟರು. ಮೇಫೀಲ್ಡ್ ಮನೆಯವರು ಇಲ್ಲದಿದ್ದಾಗ ಎಫ್‌ಬಿಐನವರು ಗುಟ್ಟಾಗಿ ಒಳಹೊಕ್ಕು ಶೋಧಿಸಿದ್ದರು. ಬಾಗಿಲ ಬೀಗ ಮತ್ತು ನೆಲಹಾಸಿನ ಮೇಲಿನ ಹೆಜ್ಜೆಗುರುತಿನಿಂದ ಯಾರೋ ಬಂದುಹೋಗಿದ್ದಾರೆಂದು ಮನೆಯವರಿಗೆ ಅನುಮಾನ ಬಂದಿತ್ತು.

ಇದನ್ನೆಲ್ಲ ಹೊರಗಿನವರಿಗೆ ಮಾತ್ರ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಸಮುದಾಯದಲ್ಲೂ ಇನ್ನೊಬ್ಬನ ಈಮಾನನ್ನು ತೂಗಿ ನೋಡುವ ಚಟವುಳ್ಳವರು ಕಡಿಮೆಯಿಲ್ಲ. ಭಿನ್ನವಾಗಿ ಮಾತಾಡಿದವನನ್ನು ಕಪಟಿ ಎನ್ನುವುದು, ನಮಾಝ್ ಮಾಡಿದರೆ ತೋರಿಕೆಗೆ, ಮಾಡದಿದ್ದರೆ ಕೊಬ್ಬಿಗೆ ಎನ್ನುವುದು. ಇದೂ ಹೊರಬಾಗಿಲಿಲ್ಲದ ಗುಮಾನಿಯೇ. ಗ್ರಿಮ್‌ನ ಕಣ್ಣು ತಮಗಿದೆ ಎಂದು ಭಾವಿಸಿದವರು ಎಲ್ಲ ಕಡೆಯೂ ಇದ್ದಾರೆ.

ವೇಸನ್‌ಗಳ ಮನೆಗಳಲ್ಲಿ ಮಕ್ಕಳನ್ನು ಹೆದರಿಸಲು ಹೇಳುವ ಕಥೆ ಯಾವುದು ಗೊತ್ತೇ? ಗ್ರಿಮ್ ಬರುತ್ತಾನೆ, ತಲೆ ಕಡಿಯುತ್ತಾನೆ ಎಂಬುದು. ನಿಕ್‌ನ ಮುಖ ಕಂಡೊಡನೆ ನಡುಗುವ ಬಡಪಾಯಿಗಳು ಈ ಧಾರಾವಾಹಿಯಲ್ಲಿ ಎಷ್ಟೋ ಇದ್ದಾರೆ. ಅಭಿಮಾನಿಗಳ ಮಾತಿನಲ್ಲಿ ಎಲ್ಲರಿಗಿಂತ ಹೆಚ್ಚು ಪ್ರೀತಿ ಸಿಗುವುದು ನಿಕ್‌ಗಲ್ಲ, ಮನ್ರೋಗೆ. ಮುಂದೆ ಅವನು ನರಿಕುಲದ ರೋಸಲಿಯನ್ನು ಮದುವೆಯಾಗುತ್ತಾನೆ. ಕುಲಶುದ್ಧಿಯ ಹೆಸರಿನಲ್ಲಿ ವೇಸನ್‌ಗಳಲ್ಲೇ ಒಂದು ಗುಂಪು ಅದಕ್ಕಾಗಿ ಅವನನ್ನು ಎತ್ತಿಕೊಂಡು ಹೋಗಿ ಸಾಯಿಸಲು ನೋಡುತ್ತದೆ. ಅಂತರ್ಜಾತಿ ಮದುವೆಗಳ ಸುದ್ದಿ ಓದುವ ನಮಗೆ ಇದರ ವಿವರಣೆ ಬೇಕಿಲ್ಲ. ಆಗ ಅವನನ್ನು ಹುಡುಕಿಕೊಂಡು ಹೊರಡುವವರಲ್ಲಿ, ಒಂದು ಕಾಲಕ್ಕೆ ಅವನ ಮುಖ ನೋಡಿ ಹಾರಿ ಹಿಡಿದಿದ್ದ ನಿಕ್ ಕೂಡ ಇದ್ದಾನೆ.

ಇನ್ನು ಮೊದಲ ಕಂತಿನ ಆ ಬಾಲಕಿ. ಪೊಲೀಸರು ಮನ್ರೋನ ಮನೆಯ ಮೂಲೆಮೂಲೆ ಹುಡುಕುತ್ತಿದ್ದ ಹೊತ್ತಿನಲ್ಲಿ ಅವಳು ಬೇರೊಬ್ಬನ ಮನೆಯಲ್ಲಿ ಬಂದಿಯಾಗಿದ್ದಳು. ದಿನಾ ಮನೆ ಮನೆಗೆ ಕಾಗದ ಹಂಚುವ, ಯಾರೂ ಎರಡನೇ ಸಲ ತಿರುಗಿ ನೋಡದ ಅಂಚೆಯವನೊಬ್ಬನ ಮನೆಯಲ್ಲಿ. ಕೊನೆಗೆ ಅಲ್ಲಿಗೆ ದಾರಿ ತೋರಿಸಿದವನು ಮನ್ರೋ.